ನೀರಿನ ಕಚೇರಿಯ ಮೂಗು

ನಮ್ಮೂರಲ್ಲಿ ಕೆಲಸದ ಉರಿ ಹೆಚ್ಚಾದರೆ ಮನುಷ್ಯರ ಮೈಯಿಂದ ಸೀದ ಹಾಲಿನ ವಾಸನೆ ಬರುತ್ತದೆ. ಅದು ಬೆವರಿನ ವಾಸನೆಯಲ್ಲ. ಒಲೆಯ ಮೇಲಿಟ್ಟು ಮರೆತ ಹಾಲು ತಳ ಹತ್ತಿದಾಗ ಬರುತ್ತದಲ್ಲ, ಅದೇ. ಶಾಲೆಯ ಮೇಷ್ಟ್ರಿಗೂ ಬರುತ್ತದೆ, ಬಸ್ ಕಂಡಕ್ಟರಿಗೂ ಬರುತ್ತದೆ, ಆಸ್ಪತ್ರೆಯ ನರ್ಸಿಗೂ ಬರುತ್ತದೆ. ಮದುವೆ ಮನೆಯ ಅಡುಗೆ ಭಟ್ಟರಿಗೆ ಬಂದರೆ ಮಾತ್ರ ಪಾಪ, ವಾಸನೆ ಪಾತ್ರೆಯದೋ ಭಟ್ಟರದೋ ಎಂದು ಹೇಳುವುದು ಕಷ್ಟ. ಅದಕ್ಕೇ ಪ್ರತಿ ಕಚೇರಿಯಲ್ಲೂ ಮೂಗಿನ ಕೆಲಸಕ್ಕೆಂದೇ ಒಬ್ಬರು ಇರಬೇಕೆಂದು ಊರಿನ ಕಟ್ಟಳೆ. ನೀರು ಸರಬರಾಜಿನ ದೂರು ಕಚೇರಿಗೆ ಹದಿನೆಂಟು ವರ್ಷದಿಂದ ನಾನೇ ಮೂಗು. ಹೆಸರು ತುಂಗಮ್ಮ, ಕಚೇರಿಯವರಿಗೆಲ್ಲ ತುಂಗಕ್ಕ.

ನನ್ನ ಮೂಗನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆಯವರು ಯಾರೂ ಸರಿಯಾಗಿ ಹೊಗಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರುವಾಗ ಪರೀಕ್ಷೆ ಇರುತ್ತದೆ. ಮುಚ್ಚಳ ಮುಚ್ಚಿದ ಹನ್ನೆರಡು ಪಾತ್ರೆ ಸಾಲಾಗಿ ಇಟ್ಟಿರುತ್ತಾರೆ, ಯಾವುದರಲ್ಲಿ ಹಾಲು ಸೀದಿದೆ ಹೇಳಬೇಕು. ಉಳಿದವರು ಒಂದೊಂದೇ ಪಾತ್ರೆಯ ಮೇಲೆ ಬಗ್ಗಿ ಮೂಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಏಳನೆಯದು, ಅದೂ ಎಮ್ಮೆ ಹಾಲು ಎಂದೆ. ಅವತ್ತೇ ನನಗೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಸಿಕ್ಕಿತು. ಬೆಳಿಗ್ಗೆ ಹತ್ತೂವರೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಏಳು ಫೋನುಗಳ ಹತ್ತಿರ ಹೋಗಿ, ಕೂತವರ ಹೆಗಲ ಬಳಿ ಬಗ್ಗಿ, ಉಸಿರೆಳೆದು ಬರುವುದು ನನ್ನ ಕೆಲಸ. ಮಿಕ್ಕ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿದರೂ ಕೇಳುವವರಿಲ್ಲ. ನಿಜ ಹೇಳಬೇಕೆಂದರೆ ಸಂಬಳಕ್ಕಿಂತ ನನಗೆ ಆ ಕುರ್ಚಿಯ ಮೇಲೆಯೇ ಮೋಹ.

ಇಂಥವರು ಸೀಯುತ್ತಿದ್ದಾರೆ ಎಂದು ನಾನು ಹೇಳಿದ ಗಳಿಗೆಯಲ್ಲೇ ಕಚೇರಿಯ ಮುಖ್ಯಸ್ಥರು ಎದ್ದು ಬಂದು, ತಮ್ಮ ಕೈಯಾರೆ ಅವರಿಗೆ ಒಂದು ಲೋಟ ಮಜ್ಜಿಗೆ ಕೊಡಬೇಕು. ಅವರ ಅರ್ಧ ಕೆಲಸವನ್ನು ಬೇರೆಯವರಿಗೆ ಹಂಚಬೇಕು. ಆಮೇಲೆ ಮುಖ್ಯವಾದದ್ದು: ಉರಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಸೀದವರನ್ನು ಯಾರೂ ಒಂದು ಮಾತು ಅನ್ನುವಂತಿಲ್ಲ. ಹಾಲು ಸೀದರೆ ಒಲೆ ನೋಡು ಅನ್ನುವುದು ನಮ್ಮೂರ ಗಾದೆ. ಹಾಲನ್ನು ಬೈಯುವ ಗೃಹಿಣಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಇನ್ನೊಂದು ಕಟ್ಟಳೆಯೂ ಇದೆ. ಯಾರು ಸೀಯುತ್ತಿದ್ದಾರೆಂದು ಬಾಯಿಬಿಟ್ಟು ಹೇಳುವ ಅಧಿಕಾರ ಮೂಗಿನವರಿಗೆ ಮಾತ್ರ. ಹಿಂದೆ ಯಾರು ಬೇಕಾದರೂ ಹೇಳಬಹುದಿತ್ತಂತೆ. ಆಗ ಆಗದವರ ಮೇಲೆಲ್ಲ ಬೆರಳು ತೋರಿಸಿ, ಬಡ್ತಿಗೆ ಅಡ್ಡ ಬಂದವರನ್ನು ಮಜ್ಜಿಗೆ ಕುಡಿಸಿ ಮನೆಗೆ ಕಳಿಸಿ, ಊರೆಲ್ಲ ಜಗಳವಾಗಿ ಕೊನೆಗೆ ಈ ನಿಯಮ ಬಂತು. ಈಗ ಮತ್ತೊಬ್ಬರ ವಾಸನೆಯ ಮಾತೆತ್ತುವುದೆಂದರೆ ಮತ್ತೊಬ್ಬರ ಹರಿದ ಬಟ್ಟೆ ತೋರಿಸಿದಷ್ಟೇ ಅಸಭ್ಯ. ಹೆಂಡತಿ ಗಂಡನಿಗೆ ಹೇಳುವುದಿಲ್ಲ, ಗಂಡ ಹೆಂಡತಿಗೆ ಹೇಳುವುದಿಲ್ಲ.

ಸಕಾಲದಲ್ಲಿ ಉರಿ ತಗ್ಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಚೇರಿಯಲ್ಲೇ ಇದ್ದ ಕೆಂಚಪ್ಪನವರು ಸಾಕ್ಷಿ. ನನಗಿಂತ ಮೊದಲು ಇದ್ದ ಮೂಗಿನವರು ತಂಗಿಯ ಮಗಳ ಮದುವೆಗೆಂದು ಹನ್ನೆರಡು ದಿನ ರಜೆ ಹೋಗಿದ್ದರು. ಅಷ್ಟರಲ್ಲಿ ಕೆಂಚಪ್ಪನವರು ಕರಿ ಕಟ್ಟಿಬಿಟ್ಟರು. ಸೀದ ಹಾಲಿಗೆ ಮದ್ದುಂಟು, ಕರಿ ಕಟ್ಟಿದ್ದಕ್ಕಿಲ್ಲ. ಈಗಲೂ ಅವರು ಮಾರ್ಕೆಟ್ಟಿನ ಮೂಲೆಯ ಜಗಲಿಯ ಮೇಲೆ ಕೂತಿರುತ್ತಾರೆ. ಎಲ್ಲಾದರೂ ಒಂದು ಸೈಕಲ್ಲಿನ ಬೆಲ್ಲು ಹೊಡೆದರೆ ಸಾಕು, ಎದ್ದು ನಿಂತು, ನಮಸ್ಕಾರ, ನೀರಿನ ಕಚೇರಿ, ಹೇಳಿ ಅನ್ನುತ್ತಾರೆ. ಅದಕ್ಕೇ ಆ ಬೀದಿಯಲ್ಲಿ ಹಾಲಿನವರೂ ಪೇಪರಿನವರೂ ಬೆಲ್ಲು ಹೊಡೆಯದೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಾರೆ.

ಇಷ್ಟೆಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕಳೆದ ವರ್ಷ ಪುರಸಭೆಯವರಿಗೆ ಒಂದು ಹೊಸ ಬುದ್ಧಿ ಬಂತು. ಯಾವ ಕಚೇರಿಯಲ್ಲಿ ವರ್ಷವಿಡೀ ಅತಿ ಕಡಿಮೆ ಜನ ಸೀಯುತ್ತಾರೋ ಆ ಕಚೇರಿಗೆ ಒಂದು ಬೆಳ್ಳಿ ಬಣ್ಣದ ಶೀಲ್ಡು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಶೀಲ್ಡು ಬಂದ ಮೇಲೆ ಊರಿನಲ್ಲಿ ಒಲೆ ನೋಡುವವರು ಕಡಿಮೆಯಾಗಿ ಊದಿನಕಡ್ಡಿ ಕೊಳ್ಳುವವರು ಹೆಚ್ಚಾದರು. ನಮ್ಮ ಸೂಪರಿಂಟೆಂಡೆಂಟ್ ಭದ್ರಯ್ಯನವರು ಕೆಟ್ಟವರಲ್ಲ. ಇಪ್ಪತ್ತಾರು ವರ್ಷ ದುಡಿದರೂ ಅವರ ಗಾಜಿನ ಬೀರುವಿನಲ್ಲಿ ಇಡಲು ಏನೂ ಇರಲಿಲ್ಲ, ಅಷ್ಟೇ. ಅವರೇ ಮನೆಯಿಂದ ಒಂದು ಧೂಪದ ಪಾತ್ರೆ ತಂದು ಸಾಂಬ್ರಾಣಿ ಹಾಕಲು ಶುರು ಮಾಡಿದರು. ನನ್ನ ಕುರ್ಚಿಯ ಹತ್ತಿರ ಬಂದು, ತುಂಗಮ್ಮನವರೇ, ಸ್ವಲ್ಪ ನೋಡಿಕೊಂಡು ಹೇಳಿ ಎಂದರು. ನನ್ನ ಮೂಗಿಗೆ ಸಾಂಬ್ರಾಣಿ ಅಡ್ಡಿಯಲ್ಲ ಎಂದು ನಾನು ಜಂಬದಿಂದಲೇ ಹೇಳಿದೆ. ಜಂಬ ಪಟ್ಟ ಬಾಯಿ ಇನ್ನೂ ಮುಚ್ಚಿರಲಿಲ್ಲ, ಸಂಕ್ರಾಂತಿಯ ಮರುವಾರ ನನಗೆ ನೆಗಡಿ ಬಂತು.

ಒಂಬತ್ತು ದಿನದ ನೆಗಡಿ. ಹತ್ತನೆಯ ದಿನ ಹೋಯಿತು, ಹೋಗುವಾಗ ನನ್ನ ಮೂಗಿನಲ್ಲಿದ್ದುದನ್ನೆಲ್ಲ ಜೊತೆಗೆ ಕೊಂಡೊಯ್ಯಿತು. ಮೊದಲು ಒಗ್ಗರಣೆಗೆ ಹಾಕಿದ ಇಂಗು ಗೊತ್ತಾಗಲಿಲ್ಲ. ಕಾಫಿ ಪುಡಿಯ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಕರ್ಪೂರ ಉಜ್ಜಿ ನೋಡಿದೆ. ಕಡೆಗೆ ಯಾರಿಗೂ ಕಾಣದ ಹಾಗೆ ನಮ್ಮ ಯಜಮಾನರ ಮಳೆಗಾಲದ ಬೂಟಿನೊಳಗೆ ಮುಖ ಇಟ್ಟೆ. ಏನೂ ಇಲ್ಲ. ಆ ಬೂಟಿನ ವಾಸನೆಯೂ ತಿಳಿಯದ ಮೂಗನ್ನು ಯಾರಾದರೂ ಯಾತಕ್ಕೆ ಇಟ್ಟುಕೊಂಡಾರು? ಬೂಟು ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕುರ್ಚಿ ಹೋಗುತ್ತದೆ ಎಂಬ ಹೆದರಿಕೆ ಹಿಡಿಯಿತು. ಹೇಳಿಬಿಡೋಣ ಎಂದುಕೊಂಡೆ. ಇವತ್ತು ಬೇಡ, ನಾಳೆ ಮೂಗು ಬಿಟ್ಟುಕೊಳ್ಳಬಹುದು ಎಂದೂ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಕಚೇರಿಯಲ್ಲಿ ಎಂದಿನಂತೆ ಸುತ್ತು ಹಾಕುತ್ತಿದ್ದೆ, ಬಗ್ಗುತ್ತಿದ್ದೆ, ಉಸಿರೆಳೆಯುತ್ತಿದ್ದೆ. ಮೂಗು ಹೇಳದಿದ್ದುದನ್ನು ಕಣ್ಣಿನಿಂದ ತಿಳಿದುಕೊಳ್ಳೋಣ ಎಂದು ಮುಖ ನೋಡಿ ಅಂದಾಜು ಮಾಡತೊಡಗಿದೆ. ಆರನೇ ಫೋನಿನ ತಿಪ್ಪೇಶ ಒಂದು ವಾರದಿಂದ ಮುಖ ಜೋಲು ಹಾಕಿಕೊಂಡಿದ್ದ. ತಿಪ್ಪೇಶ ಸೀಯುತ್ತಿದ್ದಾನೆ ಎಂದು ಹೇಳಿಬಿಟ್ಟೆ. ಅವನಿಗೆ ಇದ್ದದ್ದು ಹಲ್ಲುನೋವಂತೆ. ಆದರೂ ಬಂದದ್ದನ್ನು ಬೇಡವೆನ್ನುವ ಸ್ವಭಾವ ಅವನದಲ್ಲ. ಭದ್ರಯ್ಯನವರು ಕೊಟ್ಟ ಮಜ್ಜಿಗೆಯನ್ನು ಹಲ್ಲಿಗೆ ತಾಗದ ಹಾಗೆ ಕುಡಿದು, ಅರ್ಧ ಕೆಲಸ ಕಳೆದುಕೊಂಡು, ಹತ್ತು ದಿನ ಹಾಯಾಗಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾನು ಎಮ್ಮೆಗೆ ಮಜ್ಜಿಗೆ ಕುಡಿಸಿದ್ದೆ. ಅವತ್ತು ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಕಂಡಿತ್ತು. ಅದರ ಅರ್ಥ ಮಾತ್ರ ಆಗಲಿಲ್ಲ. ಈ ವರ್ಷ ಇದೊಂದೇ ಸಾಕು ತುಂಗಮ್ಮನವರೇ ಎಂದು ಭದ್ರಯ್ಯನವರು ಬೇಡಿಕೊಳ್ಳುವ ಹಾಗೆ ಹೇಳಿದರು. ನನಗೂ ಅದೇ ಸುಲಭವಾಗಿ ಕಂಡಿತು. ಅಂದಿನಿಂದ ದಿನಾ ಪುಸ್ತಕದಲ್ಲಿ ಎಲ್ಲರೂ ತಣ್ಣಗಿದ್ದಾರೆ ಎಂದು ಬರೆದು ಸಹಿ ಹಾಕತೊಡಗಿದೆ.

ಈಗ ವಾರಿಜಳ ವಿಷಯ ಹೇಳಬೇಕು. ನಾಲ್ಕನೇ ಫೋನಿನವಳು. ಮೂವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮೆತ್ತಗಿನ ದನಿ. ನಮ್ಮ ಕಚೇರಿಗೆ ಫೋನು ಮಾಡುವವರು ಯಾರೂ ಕುಶಲ ಕೇಳಲು ಮಾಡುವುದಿಲ್ಲ. ನೀರು ಬಂದಿಲ್ಲ, ಬಂದ ನೀರು ಕೆಂಪಗಿದೆ, ಬಂದದ್ದು ನಾವು ಮಲಗಿದ ಮೇಲೆ, ಹೀಗೇ. ಅದರಲ್ಲೂ ಗಾಣಿಗರ ಬೀದಿಯವರು ಫೋನೆತ್ತಿದ ಕೂಡಲೇ ಬೈಗುಳದಿಂದಲೇ ಶುರು ಮಾಡುತ್ತಿದ್ದರು. ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಒಂದೂ ವ್ಯಾಕರಣದ ತಪ್ಪಿಲ್ಲದೆ ಅರ್ಧ ಗಂಟೆ ಬೈಯಬಲ್ಲರು. ಎರಡು ವರ್ಷದ ಹಿಂದೆ ಒಂದು ದಿನ ಅವರ ಬಾಯಿಗೆ ಸಿಕ್ಕಿ ತಿಪ್ಪೇಶ ಕಣ್ಣಲ್ಲಿ ನೀರು ತಂದುಕೊಂಡಾಗ, ಬೆತ್ತದ ಕುರ್ಚಿಯಿಂದ ನಾನೇ ಸಲಹೆ ಕೊಟ್ಟಿದ್ದೆ: ವಾರಿಜಂಗೆ ಕೊಡು, ಅವಳು ಚೆನ್ನಾಗಿ ಮಾತಾಡ್ತಾಳೆ. ವಾರಿಜ ಐದು ನಿಮಿಷದಲ್ಲಿ ಮೇಷ್ಟ್ರನ್ನು ತಣ್ಣಗೆ ಮಾಡಿದಳು. ಮರುದಿನದಿಂದ ಅದೇ ಪದ್ಧತಿಯಾಯಿತು. ಯಾರಾದರೂ ದನಿಯೆತ್ತಿದರೆ ಸಾಕು, ಆರೂ ಜನ, ಒಂದ್ನಿಮಿಷ, ನಾಲ್ಕಕ್ಕೆ ಕೊಡ್ತೀನಿ ಎಂದು ಅತ್ತ ತಳ್ಳುತ್ತಿದ್ದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಸುಮ್ಮನೆ ಹೇಳಿಲ್ಲ. ಇಡೀ ಊರಿನ ಸಿಟ್ಟು ಸೋಸಿ ಸೋಸಿ ಆ ಒಂದೇ ಫೋನಿಗೆ ಬಂದು ಬೀಳುತ್ತಿತ್ತು.

ಆದರೂ ವಾರಿಜ ನಗುತ್ತಲೇ ಇದ್ದಳು. ಪಾಪ, ಅವರಿಗೂ ನೀರಿಲ್ಲವಲ್ಲ ಎನ್ನುತ್ತಿದ್ದಳು. ಮುಖ ನೋಡಿ ಅಂದಾಜು ಮಾಡುವವಳಿಗೆ ಅಷ್ಟು ಸಾಕಲ್ಲವೇ? ದಿನಾ ಎರಡು ಸಲ ಅವಳ ಹೆಗಲ ಬಳಿ ಬಗ್ಗಿ, ಉಸಿರೆಳೆದು, ಚೆನ್ನಾಗಿದ್ದೀಯಮ್ಮ ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದೆ. ಅವಳು ಒಂದೊಂದು ದಿನ ಏನೋ ಕೇಳುವವಳ ಹಾಗೆ ನನ್ನನ್ನು ನೋಡುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು.

ಫೆಬ್ರವರಿ ಕಳೆಯುವ ಹೊತ್ತಿಗೆ ಕಚೇರಿಯಲ್ಲಿ ಏನೇನೋ ಬದಲಾವಣೆ. ಹೆಂಗಸರೆಲ್ಲ ಮೊಳಗಟ್ಟಲೆ ಮಲ್ಲಿಗೆ ಮುಡಿದು ಬರತೊಡಗಿದರು. ಮದುವೆಯ ಕಾಲವಲ್ಲವೇ ಎಂದುಕೊಂಡೆ. ಮೂರನೆಯ ಮತ್ತು ಐದನೆಯ ಫೋನಿನವರು ಗಾಳಿ ಬೇಕೆಂದು ಮೇಜು ಆಚೆ ಸರಿಸಿಕೊಂಡರು. ತಿಪ್ಪೇಶ ಬುತ್ತಿಯನ್ನು ಜಗಲಿಯಲ್ಲಿ ಕೂತು ಉಣ್ಣತೊಡಗಿದ. ಕಿಟಕಿಗಳನ್ನೆಲ್ಲ ತೆರೆದೇ ಇಡುತ್ತಿದ್ದರು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಶೀಲ್ಡಿನ ಆಸೆಗೆ ಭದ್ರಯ್ಯನವರೂ ತುಂಗಕ್ಕನೂ ಒಂದಾಗಿದ್ದಾರೆ ಎಂದು ಅವರೆಲ್ಲ ತಿಳಿದಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಎಲ್ಲರ ಮೂಗಿಗೂ ಬಡಿಯುತ್ತಿದ್ದುದನ್ನು ಹೇಳುವ ಅಧಿಕಾರ ನನಗೊಬ್ಬಳಿಗೇ, ನನಗೋ ಮೂಗೇ ಇಲ್ಲ.

ಮನೆಯಲ್ಲೂ ಒಂದು ಬದಲಾವಣೆ ಆಗಿತ್ತು. ನಮ್ಮ ಯಜಮಾನರು ನಾಗಭೂಷಣ, ಕೊಡೆ ರಿಪೇರಿ ಮಾಡುತ್ತಾರೆ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಲೋಟ ನೀರನ್ನೂ ತಾವಾಗಿ ತಂದುಕೊಟ್ಟವರಲ್ಲ. ಅವರು ಇದ್ದಕ್ಕಿದ್ದ ಹಾಗೆ ದಿನಾ ಸಂಜೆ ನಾನು ಬಾಗಿಲಿಗೆ ಬರುವ ಹೊತ್ತಿಗೆ ಮಜ್ಜಿಗೆ ಕಡೆದು ಇಡತೊಡಗಿದರು. ಶುಂಠಿ ಜಜ್ಜಿ, ಕರಿಬೇವು ಹಾಕಿ. ಬಿಸಿಲು ಶುರುವಾಯಿತಲ್ಲ, ವಯಸ್ಸಾದ ಮೇಲೆ ಪ್ರೀತಿಯೂ ಹೆಚ್ಚುತ್ತದೆ ಎಂದು ನಾನು ಬೀಗಿದ್ದೇ ಬೀಗಿದ್ದು.

ಶೀಲ್ಡಿನ ಸಮಿತಿಯವರು ಬರುವುದಕ್ಕೆ ಹಿಂದಿನ ದಿನ ಪರವೂರಿನಿಂದ ನನ್ನ ನಾದಿನಿ ಬಂದಳು. ಅವಳ ಊರಿನಲ್ಲಿ ಜನ ಸೀಯುವುದಿಲ್ಲ, ಸೀದರೂ ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಇಬ್ಬರೂ ನಡುಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆವು. ಮರುದಿನ ಸಮಿತಿಯ ಮುಂದೆ ನಿಂತು ಹೇಳಬೇಕಾದ ಮಾತನ್ನು ನಾನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಅವಳು ಮೂಗರಳಿಸಿ ಹೇಳಿದಳು:

"ಅತ್ತಿಗೆ, ಹಾಲು ಒಲೆ ಮೇಲಿಟ್ಟು ಮರೆತ್ರಾ? ತಳ ಹತ್ತಿದೆ ನೋಡಿ."

ಮಡಿಲಲ್ಲಿದ್ದ ಸೊಪ್ಪು ಚೆಲ್ಲಿಕೊಂಡು ಅಡುಗೆಮನೆಗೆ ಓಡಿದೆ. ಒಲೆ ಹಚ್ಚೇ ಇರಲಿಲ್ಲ. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಒಲೆಯ ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ತಿರುಗಿದರೆ ಯಜಮಾನರು ಬಾಗಿಲಲ್ಲಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಾರೆ. ಅವರ ಮುಖ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದು ತಿಂಗಳ ಮೇಲಾಯಿತು ಎಂದರು.

"ಒಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳೋ ಹಾಗಿಲ್ಲವಲ್ಲೇ," ಎಂದರು ಅವರು. "ಕೊಡೋದಕ್ಕೆ ಯಾರ ಅಡ್ಡಿಯೂ ಇಲ್ಲ. ಅದಕ್ಕೇ ಕೊಡ್ತಾ ಇದ್ದೆ."

ನಾನು ಅಲ್ಲೇ ನಿಂತು ಮಜ್ಜಿಗೆ ಕುಡಿದೆ, ಅತ್ತೆ, ಆಮೇಲೆ ನೆಗಡಿಯಿಂದ ಹಿಡಿದು ಎಲ್ಲ ಹೇಳಿದೆ. ಬೂಟಿನ ವಿಷಯ ಬಂದಾಗ ಅವರು ಸ್ವಲ್ಪ ನೊಂದುಕೊಂಡರು. ಸುಳ್ಳು ಹೇಳುವ ಕೆಲಸ ಎಲ್ಲ ಕೆಲಸಕ್ಕಿಂತ ಹೆಚ್ಚು ಉರಿಯುತ್ತದೆ ಎಂಬುದು ನನಗೆ ಆಗ ತಿಳಿಯಿತು. ಅದಕ್ಕಿಂತ ಕೆಟ್ಟ ಯೋಚನೆಯೊಂದು ಹಿಂದೆಯೇ ಬಂತು. ನಾನು ಸೀಯುತ್ತಿದ್ದುದು ನನಗೇ ಗೊತ್ತಾಗಿಲ್ಲ. ಮತ್ತೆ ಆ ಮಲ್ಲಿಗೆ, ಆ ತೆರೆದ ಕಿಟಕಿ, ಆ ಸರಿದ ಮೇಜು, ಅದೆಲ್ಲ ನನ್ನಿಂದಲೋ, ಅಥವಾ ಆ ಏಳು ಜನರಲ್ಲಿ ಯಾರಿಂದಲೋ? ಕೆಂಚಪ್ಪನವರು ಕರಿ ಕಟ್ಟಿದ್ದು ಹನ್ನೆರಡು ದಿನಕ್ಕೆ. ನಾನು ಮೂಗಿಲ್ಲದೆ ಸಹಿ ಹಾಕುತ್ತಾ ಎರಡು ತಿಂಗಳಾಗಿತ್ತು.

ಮರುದಿನ ಹತ್ತು ಗಂಟೆಗೆ ಕಚೇರಿ ಮದುವಣಗಿತ್ತಿಯ ಹಾಗೆ ಸಿಂಗಾರವಾಗಿತ್ತು. ಬಾಗಿಲಿಗೆ ಮಾವಿನ ತೋರಣ, ಮೂಲೆಮೂಲೆಗೆ ಸಾಂಬ್ರಾಣಿ. ಸಮಿತಿಯವರ ಎದುರಿಗೆ ಫೋನು ಬಡಿದುಕೊಳ್ಳಬಾರದೆಂದು ಭದ್ರಯ್ಯನವರು ಒಂದು ಗಂಟೆಯ ಮಟ್ಟಿಗೆ ಏಳೂ ಲೈನು ನಿಲ್ಲಿಸಿದ್ದರು. ಪುರಸಭೆಯ ಮೂವರು ಬಂದರು. ಹೊಗೆಗೆ ಮೂವರ ಕಣ್ಣಲ್ಲೂ ನೀರು, ಒಬ್ಬರಿಗೆ ಬಿಡದೆ ಸೀನು. ಅವರು ಯಾರನ್ನೂ ಮೂಸುವ ಪದ್ಧತಿಯಿಲ್ಲ. ಮೂಗಿನವರು ಎದ್ದು ನಿಂತು ಎಲ್ಲರೂ ತಣ್ಣಗಿದ್ದಾರೆ ಎಂದು ಮೂರು ಸಲ ಹೇಳಿದರೆ ಮುಗಿಯಿತು. ಶೀಲ್ಡು ಅವರ ಕೈಯಲ್ಲೇ ಇತ್ತು, ಭದ್ರಯ್ಯನವರು ಬೀರುವನ್ನೂ ತೊಳೆಸಿಟ್ಟಿದ್ದರು.

ನಾನು ಎದ್ದು ನಿಂತೆ. ಬೆತ್ತದ ಕುರ್ಚಿಯ ಕೈಯನ್ನು ಒಮ್ಮೆ ಸವರಿದೆ.

"ನನಗೆ ಮೂಗಿಲ್ಲ ಸ್ವಾಮಿ," ಎಂದೆ. "ಸಂಕ್ರಾಂತಿ ಆದಮೇಲೆ ಒಂದು ವಾಸನೇನೂ ನನಗೆ ಗೊತ್ತಾಗಿಲ್ಲ. ಈ ಪುಸ್ತಕದಲ್ಲಿ ನಾನು ಬರೆದಿರೋದೆಲ್ಲ ಸುಳ್ಳು. ನಾನೇ ಸೀಯ್ತಾ ಇದೀನಿ. ಇನ್ಯಾರು ಸೀಯ್ತಿದ್ದಾರೋ ನೀವೇ ಹೇಳಿ."

ಸೀನುತ್ತಿದ್ದವರ ಸೀನೂ ನಿಂತಿತು. ಆ ಮೌನದಲ್ಲಿ ಒಂದೇ ದನಿ, ಮೆತ್ತಗೆ, ನಾಲ್ಕನೇ ಫೋನಿನಿಂದ ಕೇಳಿಸುತ್ತಿತ್ತು. ಹೌದು ಸ್ವಾಮಿ, ತಪ್ಪು ನಮ್ಮದೇ, ದಯವಿಟ್ಟು ಬೇಜಾರು ಮಾಡ್ಕೋಬೇಡಿ, ಇವತ್ತೇ ಕಳಿಸ್ತೀವಿ, ಹೌದು ಸ್ವಾಮಿ, ತಪ್ಪು ನಮ್ಮದೇ. ಭದ್ರಯ್ಯನವರು ಬೆವರು ಒರೆಸಿಕೊಳ್ಳುತ್ತ, ಫೋನು ಇಡಲು ಅವಳಿಗೆ ಯಾರಾದರೂ ಹೇಳಿ ಎಂದರು. ಆಗ ತಿಪ್ಪೇಶ ತಲೆ ತಗ್ಗಿಸಿಕೊಂಡೇ ಹೇಳಿದ:

"ಲೈನು ಹತ್ತು ಗಂಟೆಗೇ ನಿಂತಿದೆ ಸಾರ್."

ನಾನು ಹೋಗಿ ವಾರಿಜಳ ಕೈಯಿಂದ ರಿಸೀವರು ತೆಗೆದುಕೊಂಡು ಕಿವಿಗಿಟ್ಟೆ. ಅದರಲ್ಲಿ ಏನೂ ಇರಲಿಲ್ಲ, ಗುಂಯ್ ಎನ್ನುವ ಸದ್ದೂ ಇರಲಿಲ್ಲ. ಅವಳು ನಗುತ್ತಲೇ ಕೈ ಚಾಚಿ, ಕೊಡಿ ತುಂಗಕ್ಕ, ಅವರು ಇನ್ನೂ ಮುಗಿಸಿಲ್ಲ ಎಂದಳು. ಅವಳ ಕೈ ಕೆಂಡದ ಹಾಗೆ ಸುಡುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಅಷ್ಟು ನಾಚಿಕೆಪಟ್ಟದ್ದಿಲ್ಲ. ಎರಡು ತಿಂಗಳು ದಿನಾ ಎರಡು ಸಲ ಬೆನ್ನು ತಟ್ಟಿದ್ದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಆಮೇಲೆ ನಡೆದದ್ದರಲ್ಲಿ ಭದ್ರಯ್ಯನವರನ್ನು ಮೆಚ್ಚಲೇಬೇಕು. ಅವರು ಸಮಿತಿಯ ಕಡೆ ತಿರುಗಿಯೂ ನೋಡಲಿಲ್ಲ. ಕುಡಿಯುವ ನೀರಿನ ಬಿಂದಿಗೆ ತಾವೇ ಎತ್ತಿ ಸಾಂಬ್ರಾಣಿಗೆಲ್ಲ ಸುರಿದರು. ಪಕ್ಕದ ಹೋಟೆಲಿಗೆ ಚಪ್ಪಲಿಯಿಲ್ಲದೆ ಓಡಿ ಹೋಗಿ ಮಜ್ಜಿಗೆ ತಂದು, ವಾರಿಜಳ ಮುಂದೆ ಮಂಡಿಯೂರಿ ಕೂತು ಕುಡಿಸಿದರು. ಅರ್ಧ ಮಜ್ಜಿಗೆ ಅವರ ಅಂಗಿಯ ಮೇಲೇ ಚೆಲ್ಲಿತು. ಶೀಲ್ಡು ಆ ವರ್ಷ ಪಶು ಆಸ್ಪತ್ರೆಗೆ ಹೋಯಿತು. ಅಲ್ಲಿ ನಿಜವಾಗಿಯೂ ಯಾರೂ ಸೀಯುವುದಿಲ್ಲವೆಂದು ಕೇಳಿದ್ದೇನೆ, ಎಮ್ಮೆಗಳು ಫೋನು ಮಾಡುವುದಿಲ್ಲವಲ್ಲ.

ವಾರಿಜ ಕರಿ ಕಟ್ಟಿದ್ದಾಳೋ ಇಲ್ಲವೋ ಎಂದು ಆಸ್ಪತ್ರೆಯವರಿಗೂ ಹೇಳಲಾಗಲಿಲ್ಲ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಫೋನಿನ ಸದ್ದು ಕೇಳದ ಕಡೆ ಇರಲಿ ಎಂದರು. ಅವಳು ಊರಾಚೆ ಇದ್ದ ಚಿಕ್ಕಮ್ಮನ ಮನೆಗೆ ಹೋದಳು. ಆ ನಲವತ್ತೆಂಟು ದಿನವೂ ನಾನು ಮಾರ್ಕೆಟ್ಟಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಕೆಂಚಪ್ಪನವರನ್ನು ನೋಡುವ ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ನಾವು ಒಲೆ ನೋಡಿದೆವು. ಸಿಟ್ಟಿನ ಫೋನುಗಳನ್ನು ನಾಲ್ಕಕ್ಕೆ ತಳ್ಳುವುದು ನಿಂತಿತು. ಯಾರಿಗೆ ಬಂದದ್ದು ಅವರಿಗೇ, ಒಬ್ಬರು ಒಂದು ಬೈಗುಳ ಕೇಳಿದರೆ ಮುಂದಿನದಕ್ಕೆ ಪಕ್ಕದವರು. ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ಹತ್ತು ನಿಮಿಷ ಓಡಾಡಬೇಕು. ಭದ್ರಯ್ಯನವರೂ ದಿನಾ ಒಂದು ಗಂಟೆ ಫೋನಿಗೆ ಕೂರತೊಡಗಿದರು. ಕೂತ ಮೊದಲ ದಿನವೇ ಗಾಣಿಗರ ಬೀದಿಯ ಮೇಷ್ಟ್ರು ಸಿಕ್ಕಿ, ಅರ್ಧ ಗಂಟೆಯ ಮೇಲೆ ಭದ್ರಯ್ಯನವರು ಕಿವಿ ಕೆಂಪಗೆ ಮಾಡಿಕೊಂಡು ಎದ್ದವರೇ, ಹಾರೆ ಪಿಕಾಸಿಯವರನ್ನು ಕರೆದುಕೊಂಡು ಆ ಬೀದಿಗೆ ಹೋದರು. ಎರಡು ವರ್ಷ ನಾವು ಕ್ಷಮೆ ಕೇಳುತ್ತ ಬಂದ ತೊಂದರೆಗೆ ಬೇಕಾಗಿದ್ದದ್ದು ಒಂದು ಹೊಸ ವಾಲ್ವು, ಅರ್ಧ ದಿನದ ಅಗೆತ. ಇದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ಭದ್ರಯ್ಯನವರು ತೆಗೆಯಲಿಲ್ಲ, ನಾಲ್ಕನೇ ಫೋನಿಗೆ ಹಾಕಿದರು. ಅದು ಕರುಣೆಯೋ ಶಿಕ್ಷೆಯೋ ಇನ್ನೂ ತೀರ್ಮಾನಿಸಿಲ್ಲ. ಹೊಸ ಮೂಗಿನವರನ್ನು ಹುಡುಕುವ ಮಾತು ಬಂದಾಗ ನಮ್ಮ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಅಂದ ಮಾತನ್ನು ಎಲ್ಲರ ಮುಂದೆ ಹೇಳಿದೆ. ಹೇಳುವ ಹಾಗಿಲ್ಲ ಅನ್ನುವ ಕಟ್ಟಳೆ ಇರಲಿ, ಕೊಡುವುದಕ್ಕೆ ಅಡ್ಡಿಯೇನು? ಅಂದಿನಿಂದ ಬೆತ್ತದ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ. ಅಲ್ಲಿ ಒಂದು ಮಜ್ಜಿಗೆಯ ಮಡಕೆ, ನಾಲ್ಕು ಲೋಟ. ಯಾರ ಮೂಗಿಗೆ ಯಾರ ವಾಸನೆ ಬಂದರೂ ಸುಮ್ಮನೆ ಎದ್ದು ಹೋಗಿ ಒಂದು ಲೋಟ ತಂದು ಅವರ ಮುಂದೆ ಇಟ್ಟು ಬರುವುದು. ಲೋಟ ಕಂಡರೆ ಭದ್ರಯ್ಯನವರು ಬಂದು, ಏನಾಗ್ತಿದೆ ಹೇಳಿ ಎಂದು ಪಕ್ಕದಲ್ಲಿ ಕೂರುತ್ತಾರೆ. ತಿಪ್ಪೇಶ ಮೊದಲ ವಾರ ತನಗೆ ತಾನೇ ತಂದಿಟ್ಟುಕೊಳ್ಳುತ್ತಿದ್ದ, ಅದು ಲೆಕ್ಕಕ್ಕಿಲ್ಲವೆಂದು ಗೊತ್ತಾದ ಮೇಲೆ ಬಿಟ್ಟ.

ನಲವತ್ತೊಂಬತ್ತನೆಯ ದಿನ ವಾರಿಜ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು, ಜಡೆ ಸಡಿಲವಾಗಿತ್ತು. ಬಾಗಿಲ ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು ಹೊಡೆಯಿತು. ನಾವೆಲ್ಲ ಅವಳನ್ನೇ ನೋಡಿದೆವು. ಅವಳು ತಿರುಗಿಯೂ ನೋಡದೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಅಲ್ಲಿದ್ದವರು ವರ್ಗವಾಗಿ ಖಾಲಿ ಬಿದ್ದಿದ್ದ, ನನ್ನ ಪಕ್ಕದ ಐದನೇ ಫೋನಿಗೆ ಅವಳು ಕೂತಳು, ಬಹಳ ಹೊತ್ತು ಮೇಜಿನ ಮೇಲಿನ ಧೂಳು ಒರೆಸಿದಳು. ನಾನು ತಪ್ಪಾಯಿತು ವಾರಿಜ ಎಂದೆ. ಅವಳು ಮೇಜು ಒರೆಸುತ್ತಲೇ ಹೇಳಿದಳು:

"ನನಗೆ ವಾಸನೆ ಬರ್ತಾ ಇತ್ತು ತುಂಗಕ್ಕ. ಸೆರಗಲ್ಲಿ, ದಿಂಬಿನಲ್ಲಿ, ಎಲ್ಲ ಕಡೆ. ನೀವು ದಿನಾ ಬಂದು ಚೆನ್ನಾಗಿದ್ದೀಯಮ್ಮ ಅಂತಿದ್ರಿ. ನಿಮ್ಮ ಮೂಗಿಗಿಂತ ನನ್ನ ಮೂಗು ದೊಡ್ಡದಾ, ನನ್ನದೇ ಕೆಟ್ಟಿದೆ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಗಾಣಿಗರ ಬೀದಿಯ ಮೇಷ್ಟ್ರು. ಈಗ ಅವರಿಗೆ ನೀರು ಚೆನ್ನಾಗಿ ಬರುತ್ತದೆ, ಆದರೆ ಬರುವ ರಭಸಕ್ಕೆ ಬಕೆಟ್ಟು ಉರುಳುತ್ತದೆ ಎಂದು ದೂರು. ಒಂದೂ ವ್ಯಾಕರಣದ ತಪ್ಪಿಲ್ಲದೆ ಬೈಯುತ್ತ ಹೋದರು. ನಾನು ಹೌದು ಸ್ವಾಮಿ, ಹೌದು ಸ್ವಾಮಿ ಎನ್ನುತ್ತ ಹೋದೆ. ಎಷ್ಟು ಹೊತ್ತಾಯಿತೋ, ಮೇಜಿನ ಮೇಲೆ ಟಕ್ ಎಂದು ಸದ್ದಾಯಿತು. ನೋಡಿದರೆ ಒಂದು ಲೋಟ ಮಜ್ಜಿಗೆ. ಇಟ್ಟವಳು ವಾರಿಜ.

ರಿಸೀವರಿಗೆ ಅಂಗೈ ಅಡ್ಡ ಹಿಡಿದು, ನನಗೇನೂ ಆಗಿಲ್ಲ ಕಣೇ, ಚೆನ್ನಾಗೇ ಇದ್ದೀನಿ ಎಂದೆ.

"ಇಲ್ಲ ತುಂಗಕ್ಕ," ಎಂದಳು ವಾರಿಜ. "ಕುಡೀರಿ."

ಸೆರಗನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದು ನೋಡಿದೆ. ನನಗೆ ಏನೂ ತಿಳಿಯಲಿಲ್ಲ. ಮೇಷ್ಟ್ರಿಗೆ ಒಂದ್ನಿಮಿಷ ಇರಿ ಎಂದು ಹೇಳಿ ರಿಸೀವರನ್ನು ಮೇಜಿನ ಮೇಲಿಟ್ಟೆ. ಅವಳ ಮೂಗನ್ನೇ ನಂಬಿ ಮಜ್ಜಿಗೆ ಕುಡಿದೆ.